ಐದು ತಾಲೂಕಿನ ಪ್ರಬಂಧಗಳು ಎಲ್ಲಿವೆ?

ವಿಜಯನಗರ ಜಿಲ್ಲೆಗೆ ಆರು ತಾಲೂಕು. ಹೊಸಪೇಟೆಯಲ್ಲಿ ಹಂಪಿ ಇದೆ. ಹಾಗಾಗಿ ಅದರ ಬಗ್ಗೆ ಬರೆದವರು ಪ್ರಪಂಚದ ತುಂಬ ಇದ್ದಾರೆ, ಬರೆದದ್ದು ಎಲ್ಲಿ ಹುಡುಕಿದರೂ ಸಿಗುತ್ತದೆ. ಉಳಿದ ಐದು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ. ಇವುಗಳ ಬಗ್ಗೆಯೂ ಸಾಕಷ್ಟು ಕೆಲಸ ಆಗಿದೆ. ಆದರೆ ಅದನ್ನು ಓದಬೇಕೆಂದರೆ ಊರು ಬಿಟ್ಟು ಹೋಗಬೇಕು. ಇದು ಇವತ್ತಿನ ಕಥೆಯಲ್ಲ, ಇನ್ನೂರು ವರ್ಷದಿಂದ ಹೀಗೇ ನಡೆದುಬಂದಿದೆ.

ನಾನು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಹುಟ್ಟಿದ್ದು ಕೂಡ್ಲಿಗಿ ತಾಲೂಕಿನ ಹಳ್ಳಿಯಲ್ಲಿ, ಕೊಟ್ಟದ್ದು ಹಡಗಲಿ ಕಡೆಗೆ. "ಮೇಡಮ್ಮರೆ, ನಮ್ಮೂರ ಬಗ್ಗೆ ಯಾರರ ಏನರ ಬರ್ದಾರೇನ್ರಿ?" ಎಂದು ಬಿ.ಎ. ಓದುವ ಮಕ್ಕಳು ಬಂದು ಕೇಳುತ್ತಾರೆ. ಬರೆದಿದ್ದಾರೆ ಎನ್ನುವುದು ನನಗೆ ಗೊತ್ತು. ತೆಗೆದು ಕೈಗೆ ಕೊಡೋಣವೆಂದರೆ ನಮ್ಮ ಕಪಾಟಿನಲ್ಲಿ ಇಲ್ಲ. ಈ ಸೀಮೆಯ ಬಗ್ಗೆ ಬರೆದದ್ದು ಎಲ್ಲೆಲ್ಲಿ ಹೋಗಿ ಕೂತಿತು, ಯಾಕೆ ಅಲ್ಲಿ ಕೂತಿತು ಎಂದು ನಾನು ಹುಡುಕತೊಡಗಿದ್ದು ಆ ಮಕ್ಕಳ ಸಲುವಾಗಿ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಂದಾಯದ ಲೆಕ್ಕ ಹಾಕಲು ಬಂದ. ಅವನ ಹಿಂದೆಯೇ ಕಾಲಿನ್ ಮೆಕೆಂಜಿಯ ಜನ ಮೋಜಣಿಗೆ ಬಂದರು. ಮೆಕೆಂಜಿಗೆ ನೆಲದ ಅಳತೆಯಷ್ಟೇ ಊರಿನ ಹಿಂದಿನ ಕಥೆಯೂ ಬೇಕಿತ್ತು. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರು ಕಟ್ಟಿಕೊಟ್ಟ ವ್ಯವಸ್ಥೆಯಲ್ಲಿ ಗುಮಾಸ್ತರು ಊರೂರು ತಿರುಗಿದರು. ಶಾನುಭೋಗರನ್ನು, ಪೂಜಾರಿಗಳನ್ನು, ಪಾಳೆಯಗಾರರ ಮನೆಯವರನ್ನು ಕೂಡಿಸಿಕೊಂಡು ಕೇಳಿ ಬರೆದರು. ಹಾಗೆ ಬರೆದದ್ದೇ ಕೈಫಿಯತ್ತು. ಹೇಳಿದವರು ನಮ್ಮವರು, ಹೇಳಿದ್ದು ನಮ್ಮ ಕೆರೆಕಟ್ಟೆ, ಗುಡಿಗುಂಡಾರ, ಹೊಲಮನೆಗಳ ಮಾತು. ಕಾಗದ ಮಾತ್ರ ಗಂಟು ಕಟ್ಟಿಕೊಂಡು ಹೋಯಿತು. 1821ರಲ್ಲಿ ಮೆಕೆಂಜಿ ತೀರಿಕೊಂಡ. ಸಂಗ್ರಹವನ್ನು ಕಂಪನಿ ಅವನ ಹೆಂಡತಿಯಿಂದ ಕೊಂಡಿತು. 1828ರಲ್ಲಿ ವಿಲ್ಸನ್ ಎಂಬ ವಿದ್ವಾಂಸ ಕಲ್ಕತ್ತದಲ್ಲಿ ಅದರ ಪಟ್ಟಿ ಅಚ್ಚು ಹಾಕಿಸಿದ. ಒಂದಷ್ಟು ಲಂಡನ್ನಿಗೆ ಹೋಯಿತು, ಬಹುಪಾಲು ದಕ್ಷಿಣದ ಕಾಗದ ಮದ್ರಾಸಿಗೆ ಬಂತು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಸಂಪುಟವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ್ದು 1994ರಲ್ಲಿ. ಅಲ್ಲಿಯತನಕ ಒಬ್ಬ ಸಾಮಾನ್ಯ ಓದುಗ ಕೈಫಿಯತ್ತು ನೋಡಬೇಕೆಂದರೆ ಮದ್ರಾಸಿನ ರೈಲು ಹತ್ತಬೇಕಿತ್ತು. ಊರಿನವರ ಬಾಯಿಂದ ಹೋದದ್ದು ಊರಿನವರ ಕೈಗೆ ಬರಲು ಹೆಚ್ಚುಕಡಿಮೆ ನೂರೆಂಬತ್ತು ವರ್ಷ ಹಿಡಿಯಿತು.

ಶಾಸನಗಳ ಪಾಡೂ ಅಷ್ಟೇ. ಹರಪನಹಳ್ಳಿ ಪಕ್ಕದ ಬಾಗಳಿಗೆ ಹೋದವರಿಗೆ ಗೊತ್ತು, ಕಲ್ಲೇಶ್ವರ ಗುಡಿಯ ಆವರಣದಲ್ಲಿ ಕಲ್ಲುಗಳು ಸಾಲಾಗಿ ನಿಂತಿವೆ. ಹತ್ತನೆಯ ಶತಮಾನದ ಕೊನೆಯಿಂದ ಈಚಿನವು. ಯಾರು ಎಷ್ಟು ಮತ್ತರು ಭೂಮಿ ಬಿಟ್ಟರು, ಯಾವ ಕೆರೆಯ ಕೆಳಗೆ ಬಿಟ್ಟರು, ಯಾರ ಸಾಕ್ಷಿ ಎನ್ನುವುದನ್ನು ನಾಲ್ಕು ಜನ ಓಡಾಡುವ ಜಾಗದಲ್ಲಿ ಕೆತ್ತಿ ನಿಲ್ಲಿಸಿದರು. ಮುಚ್ಚಿಡಬೇಕೆನ್ನುವ ಉದ್ದೇಶ ಅದನ್ನು ನಿಲ್ಲಿಸಿದವರಿಗೆ ಎಳ್ಳಷ್ಟೂ ಇರಲಿಲ್ಲ. ಕುರುವತ್ತಿ, ಹಿರೇಹಡಗಲಿ, ಮಾಗಳ, ಅಂಬಳಿ, ಕೋಗಳಿ, ಎಲ್ಲ ಕಡೆಯೂ ಇದೇ ರೀತಿ. ಕೋಗಳಿಯಂತೂ ಒಂದು ಕಾಲಕ್ಕೆ ಐನೂರು ಎಂಬ ಸಂಖ್ಯೆ ಹೊತ್ತ ನಾಡಿನ ಕೇಂದ್ರ. ಆ ಲಿಪಿ ಓದುವವರು ಊರಲ್ಲಿ ಇಲ್ಲವಾದ ಮೇಲೆ ಕಲ್ಲು ಮಾತ್ರ ಉಳಿಯಿತು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದರು. ಅದು ದಕ್ಷಿಣ ಭಾರತದ ಶಾಸನ ಮಾಲೆಯ ಒಂಬತ್ತನೆಯ ಸಂಪುಟ. ಮೊದಲ ಭಾಗ 1939ರಲ್ಲಿ, ಎರಡನೆಯದು 1941ರಲ್ಲಿ ಬಂತು. ಬಾಗಳಿಯ ಕಲ್ಲಿನಲ್ಲಿ ಏನಿದೆ ಎಂದು ತಿಳಿಯಲು ಬಾಗಳಿಯವರು ಆ ದಪ್ಪ ಪುಸ್ತಕ ಇರುವ ಪಟ್ಟಣ ಯಾವುದು ಎಂದು ಮೊದಲು ಪತ್ತೆ ಮಾಡಬೇಕಿತ್ತು.

ಇದರ ನಡುವೆ ಎರಡು ಇಂಗ್ಲಿಷ್ ಪುಸ್ತಕ ಬಂದವು. 1872ರಲ್ಲಿ ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲೆಯ ಮ್ಯಾನ್ಯುಅಲ್, 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಗೆಜೆಟಿಯರ್. ಎರಡನ್ನೂ ಈಗ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಕೊಟ್ಟೂರಿನ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಫ್ರಾನ್ಸಿಸ್‌ನನ್ನು ಓದಬಹುದು, ಒಂದು ಪೈಸೆ ಖರ್ಚಿಲ್ಲ. ಅದೇ ಹುಡುಗನಿಗೆ ಅವನ ಪಕ್ಕದೂರಿನವರೇ ಕನ್ನಡದಲ್ಲಿ ಬರೆದು ಡಾಕ್ಟರೇಟ್ ಪಡೆದ ಪ್ರಬಂಧ ಸಿಗುವುದಿಲ್ಲ. ನೂರು ವರ್ಷದ ಹಿಂದಿನ ಕಲೆಕ್ಟರ್ ಕಚೇರಿಯ ನೋಟ ಊರಿಗೆ ಹತ್ತಿರ, ಊರಿನ ಮಗಳು ಬರೆದದ್ದು ದೂರ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ವಿದ್ಯೆಗಾಗಿ ಮದ್ರಾಸಿನ ಬದಲು ನಾವು ಧಾರವಾಡದ ಕಡೆ ಮುಖ ಮಾಡಿದೆವು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವಾದ ಮೇಲೆ ಕಲಬುರಗಿಯ ಕಡೆ. 2010ರಲ್ಲಿ ಬಳ್ಳಾರಿಯಲ್ಲೇ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. ಆ ಅವಧಿಯ ಕೆಲಸಕ್ಕೆ ದಾವಣಗೆರೆ, ಶಂಕರಘಟ್ಟಗಳ ವಿಶ್ವವಿದ್ಯಾಲಯಗಳ ಕಡೆಗೂ ಕೈಚಾಚಬೇಕು. ಮಲ್ಲಿಗೆ, ಜೋಳ, ಕೆರೆಯ ನೀರಿನ ಬಗ್ಗೆ ಆದ ಸಂಶೋಧನೆಯಾದರೆ ಕೃಷಿ ವಿಶ್ವವಿದ್ಯಾಲಯಗಳನ್ನು ಹುಡುಕಿಕೊಂಡು ಹೋಗಬೇಕು. ಇಷ್ಟು ಸಣ್ಣ ಸೀಮೆಯ ವಿದ್ಯೆ ಇಷ್ಟೊಂದು ಬಾಗಿಲುಗಳ ಹಿಂದೆ ಹಂಚಿಹೋಗಿದೆ.

ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹಂಪಿ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಅದನ್ನು ಕಟ್ಟಲು ಹೊರಟಾಗ ಹೊಸಪೇಟೆ ದಾಟದ ಎಷ್ಟೋ ಮನೆಗಳ ಮಕ್ಕಳಿಗೆ ಸಂಶೋಧನೆಯ ದಾರಿ ತೆರೆಯಿತು. ಕನ್ನಡದಲ್ಲೇ ಬರೆಯಬಹುದು, ನಮ್ಮೂರ ಜಾತ್ರೆ, ನಮ್ಮೂರ ಕಸುಬು, ನಮ್ಮೂರ ಹಾಡಿನ ಬಗ್ಗೆ ಬರೆದರೂ ಅದು ವಿದ್ಯೆಯೇ. ಇದು ಸಣ್ಣ ಮಾತಲ್ಲ. ಮೈಲಾರದ ಗೊರವರು, ಮ್ಯಾಸಬೇಡರು, ಗೊಲ್ಲರ ಹಟ್ಟಿಗಳು, ಕೊಟ್ಟೂರು ಬಸವೇಶ್ವರರ ಪರಂಪರೆ, ಕೆರೆಗಳು, ಕೋಟೆಗಳು, ಇವೆಲ್ಲ ಪ್ರಬಂಧದ ವಿಷಯಗಳಾದವು.

ಆ ಪ್ರಬಂಧದ ರೂಪವನ್ನು ನೋಡದವರಿಗಾಗಿ ಹೇಳುತ್ತೇನೆ. ಕಪ್ಪು ಇಲ್ಲವೇ ಕಡುನೀಲಿ ರೆಕ್ಸಿನ್ ರಟ್ಟು, ಮೇಲೆ ಬಂಗಾರ ಬಣ್ಣದ ಅಕ್ಷರ. ಒಳಗೆ ಮಾರ್ಗದರ್ಶಕರ ಪ್ರಮಾಣಪತ್ರ, ಆಮೇಲೆ ಕೃತಜ್ಞತೆಯ ಪುಟಗಳು. ಆ ಪುಟಗಳನ್ನು ನಾನು ಮೊದಲು ಓದುತ್ತೇನೆ. ಯಾರ ಮನೆಯಲ್ಲಿ ಉಳಿದರು, ಯಾರು ಬುತ್ತಿ ಕಟ್ಟಿಕೊಟ್ಟರು, ಯಾವ ಅಜ್ಜಿ ರಾತ್ರಿಯೆಲ್ಲ ಹಾಡಿದಳು ಎಂಬುದು ಅಲ್ಲಿರುತ್ತದೆ. ಕೊನೆಯಲ್ಲಿ ಅನುಬಂಧ: ವಕ್ತೃಗಳ ಪಟ್ಟಿ, ಹಾಡಿನ ಪಾಠ, ಫೋಟೋಗಳು. ಡಿಟಿಪಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಅಚ್ಚು ತಿದ್ದಿಸಿ, ಬೈಂಡಿಂಗ್ ಮಾಡಿಸಿ ಪ್ರತಿಗಳನ್ನು ಒಪ್ಪಿಸುತ್ತಾರೆ. ಕೆಲವು ಪರೀಕ್ಷಕರಿಗೆ ಹೋಗುತ್ತವೆ, ಒಂದು ಗುರುಗಳಿಗೆ, ಒಂದು ತನಗೆ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. ಗ್ರಂಥಾಲಯಕ್ಕೆ ಹೋದದ್ದು ಪರಾಮರ್ಶನ ವಿಭಾಗದ ಗಾಜಿನ ಕಪಾಟು ಸೇರುತ್ತದೆ, ಹೊರಗೆ ಕೊಡುವಂತಿಲ್ಲ. ಕೆಲವು ಪುಸ್ತಕವಾಗುತ್ತವೆ. ಪುಸ್ತಕವಾಗುವಾಗಲೂ ಅನುಬಂಧಕ್ಕೇ ಮೊದಲು ಕತ್ತರಿ ಬೀಳುತ್ತದೆ, ಪುಟ ಹೆಚ್ಚಾದರೆ ಬೆಲೆ ಹೆಚ್ಚುತ್ತದಲ್ಲ. ಊರಿನವರಿಗೆ ಬೇಕಾಗಿರುವುದು ಬಹಳ ಸಲ ಆ ಅನುಬಂಧವೇ.

ನಮ್ಮ ಕಾಲೇಜಿನ ಜಾನಪದ ಕಾರ್ಯಕ್ರಮಕ್ಕೆ ಮೈಲಾರದ ಕಡೆಯ ವಯಸ್ಸಾದ ಗೊರವಯ್ಯ ಒಬ್ಬರು ಬಂದಿದ್ದರು. ಕರಿ ಕಂಬಳಿ, ಡಮರುಗ. ಕಾರ್ಯಕ್ರಮ ಮುಗಿದ ಮೇಲೆ ಗ್ರಂಥಾಲಯದ ಬಾಗಿಲಲ್ಲಿ ನಿಂತು ಕಪಾಟುಗಳನ್ನೇ ನೋಡುತ್ತಿದ್ದರು.

"ಒಳಗ ಬರ್ರಿ ಅಜ್ಜಾ," ಎಂದೆ.

"ಒಬ್ಬ ಹುಡುಗ ಬಂದಿದ್ದನವ್ವಾ, ಭಾಳ ವರ್ಷಾತು. ಟೇಪ್ ಇಟ್ಕಂಡು ಎಲ್ಲಾ ಹಾಡಿಸಿಕ್ಯಂಡು ಹೋದ. ಅದು ಬುಕ್ಕಾತಂತ. ಇಲ್ಲೈತೇನು ನೋಡು. ನನ್ನ ಮೊಮ್ಮಗ ಸಾಲಿ ಕಲ್ತಾನ, ಅವಗ ಓದಾಕ ಬೇಕಾಗೈತಿ."

ಮೊಮ್ಮಗನಿಗೆ ಹಾಡು ಬರುವುದಿಲ್ಲ. ಅಜ್ಜನಿಗೆ ಉಸಿರು ಹಿಡಿಯುತ್ತಿರಲಿಲ್ಲ. ನಾನು ಆ ಪ್ರಬಂಧವಿದ್ದ ಗ್ರಂಥಾಲಯಕ್ಕೆ ಪತ್ರ ಬರೆದೆ. ಖುದ್ದಾಗಿ ಬಂದರೆ ಓದುಕೋಣೆಯಲ್ಲಿ ಕೂತು ನೋಡಬಹುದು, ಜೆರಾಕ್ಸ್ ಕೊಡುವ ನಿಯಮವಿಲ್ಲ ಎಂದು ಉತ್ತರ ಬಂತು. ನಿಯಮದ ಪ್ರಕಾರ ಅವರದು ತಪ್ಪಲ್ಲ. ಕೊನೆಗೆ ಆ ಸಂಶೋಧಕರ ಫೋನ್ ನಂಬರನ್ನೇ ಹುಡುಕಿದೆ. ಈಗ ಅವರೂ ನಿವೃತ್ತಿಯ ಅಂಚಿನಲ್ಲಿರುವ ಅಧ್ಯಾಪಕರು. ವಿಷಯ ಕೇಳಿ ಬಹಳ ನೊಂದುಕೊಂಡರು, ತಮ್ಮ ಪ್ರತಿಯ ಅನುಬಂಧವನ್ನು ಪೂರ್ತಿ ಜೆರಾಕ್ಸ್ ಮಾಡಿಸಿ ಬಸ್ಸಿಗೆ ಹಾಕಿ ಕಳಿಸಿದರು. ಮೊಮ್ಮಗ ಬಂದು ತೆಗೆದುಕೊಂಡು ಹೋದ. ಫೋನ್ ನಂಬರು ಸಿಗದೇ ಹೋಗಿದ್ದರೆ ಆ ಹಾಡುಗಳೂ ಸಿಗುತ್ತಿರಲಿಲ್ಲ, ಅಷ್ಟೇ.

ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ಅದೇ 1991ರಲ್ಲಿ ದೂರದಲ್ಲಿ ಇನ್ನೆರಡು ಕೆಲಸ ನಡೆದವು. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ, ಅಚ್ಚಾಗುವ ಮೊದಲೇ ಪ್ರಬಂಧಗಳನ್ನು ಎಲ್ಲರೂ ಓದುವಂತೆ ಕಂಪ್ಯೂಟರಿನಲ್ಲಿ ಇಡುವ ಏರ್ಪಾಡು ಮಾಡಿದರು. ಈಗ ಅದಕ್ಕೆ ಆರ್ಕೈವ್ ಎಂದು ಹೆಸರು. ಇನ್ನೊಂದು, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪದ್ಧತಿ ಇರಲೆಂದು ಯೂನಿಕೋಡಿನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡವೂ ಇತ್ತು. ಕನ್ನಡದಲ್ಲಿ ಸಂಶೋಧನೆ ಮಾಡಲು ಒಂದು ಮನೆ, ಸಂಶೋಧನೆಯನ್ನು ಎಲ್ಲರಿಗೂ ತೆರೆದಿಡುವ ಒಂದು ವಿಧಾನ, ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಇರುವ ಒಂದು ಸಂಕೇತ, ಈ ಮೂರೂ ಒಂದೇ ವರ್ಷದವು. ನಮ್ಮಲ್ಲಿ ಅವು ಒಂದಕ್ಕೊಂದು ಕೂಡಿಕೊಳ್ಳಲು ಇಪ್ಪತ್ತು ವರ್ಷ ಬೇಕಾಯಿತು, ಈಗಲೂ ಪೂರ್ತಿ ಕೂಡಿಲ್ಲ.

ಕರ್ನಾಟಕ ಹಿಂದೆ ಬಿದ್ದಿತ್ತು ಎನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಅವರ ತಂಡ 2002ರಲ್ಲಿ ತೆರೆದ ಇಪ್ರಿಂಟ್ಸ್ ಎಂಬ ಮುಕ್ತ ಭಂಡಾರ ಅಂಥವುಗಳಲ್ಲಿ ಭಾರತದಲ್ಲೇ ಮೊದಲನೆಯದು. ಬುಡಾಪೆಸ್ಟ್‌ನಲ್ಲಿ ಸೇರಿದ್ದ ವಿದ್ವಾಂಸರು ಅದೇ ವರ್ಷ, ಸಂಶೋಧನೆ ಎಲ್ಲರಿಗೂ ಮುಕ್ತವಾಗಿರಬೇಕು, ಬರೆದವರು ತಮ್ಮ ಪ್ರತಿಯನ್ನು ಮುಕ್ತ ಭಂಡಾರದಲ್ಲಿ ತಾವೇ ಇಡಬೇಕು ಎಂದು ಘೋಷಿಸಿದ್ದರು. ಅದಕ್ಕೂ ಮೊದಲು, 2000ದ ಹೊತ್ತಿಗೇ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರು 'ವಿದ್ಯಾನಿಧಿ' ಶುರುಮಾಡಿದ್ದರು. ಭಾರತದ ಡಾಕ್ಟರೇಟ್ ಪ್ರಬಂಧಗಳ ಡಿಜಿಟಲ್ ಗ್ರಂಥಾಲಯ ಅದು. ನನಗೆ ಆ ಯೋಜನೆಯ ಮೇಲೆ ವಿಶೇಷ ಗೌರವ. ಕನ್ನಡ, ಹಿಂದಿ ಪ್ರಬಂಧಗಳ ವಿವರವನ್ನು ಆಯಾ ಲಿಪಿಯಲ್ಲೇ, ಯೂನಿಕೋಡಿನಲ್ಲೇ ದಾಖಲಿಸಬೇಕು ಎಂದು ಅವರು ಆಗಲೇ ಕೈಹಚ್ಚಿದ್ದರು. ಆಗಿನ ಕಂಪ್ಯೂಟರುಗಳಲ್ಲಿ ಕನ್ನಡ ಒತ್ತಕ್ಷರ ನೆಟ್ಟಗೆ ಮೂಡಿಸುವುದೇ ಹರಸಾಹಸವಾಗಿತ್ತು. ಅವರು ಹಾಕಿಕೊಟ್ಟ ಆ ಮೇಲ್ಪಂಕ್ತಿಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಹಿಡಿದಿದ್ದರೆ ಇವತ್ತು ಈ ಬರಹದ ಅರ್ಧಭಾಗ ಬೇಕಾಗುತ್ತಿರಲಿಲ್ಲ.

2009ರಲ್ಲಿ ಯುಜಿಸಿ ನಿಯಮ ಬಂತು. ಪದವಿ ಘೋಷಣೆಯಾಗಿ ಮೂವತ್ತು ದಿನದೊಳಗೆ ವಿಶ್ವವಿದ್ಯಾಲಯ ಪ್ರಬಂಧದ ಸಾಫ್ಟ್ ಕಾಪಿಯನ್ನು ಕಳಿಸಬೇಕು, ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ಇಂಟರ್ನೆಟ್ಟಿನಲ್ಲಿ ಇಡಬೇಕು ಎಂದು. 2016ರ ನಿಯಮ ಇನ್ನೂ ಬಿಗಿಯಾಯಿತು, ಪದವಿ ಕೊಡುವ ಮೊದಲೇ ಕಳಿಸಬೇಕು. ಹಾಗೆ ಬೆಳೆದದ್ದು 'ಶೋಧಗಂಗಾ'. ಗುಜರಾತಿನ ಗಾಂಧಿನಗರದಲ್ಲಿರುವ ಈ ಭಂಡಾರದಲ್ಲಿ ಈಗ ಲಕ್ಷಗಟ್ಟಲೆ ಪ್ರಬಂಧಗಳಿವೆ. ಮೊದಲ ಪುಟ, ಪ್ರಮಾಣಪತ್ರ, ಪರಿವಿಡಿ, ಅಧ್ಯಾಯ ಒಂದು, ಎರಡು, ಗ್ರಂಥಋಣ ಎಂದು ಬೇರೆಬೇರೆ ಕಡತಗಳಾಗಿ ಇಟ್ಟಿರುತ್ತಾರೆ. ಲಾಗಿನ್ ಬೇಡ, ದುಡ್ಡು ಬೇಡ. ಕೃಷಿ ಪ್ರಬಂಧಗಳಿಗೆ 'ಕೃಷಿಕೋಶ' ಎಂಬ ಬೇರೆ ಭಂಡಾರವಿದೆ. ಹಡಗಲಿಯ ಮಲ್ಲಿಗೆ ಬೆಳೆಗಾರರ ಮನೆಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ಅದನ್ನು.

ಶೋಧಗಂಗಾ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೆಕೆಂಜಿಯ ಕಾಲದಿಂದ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದದ್ದು ಮೊದಲ ಸಲ ತಿರುಗಿ ಊರ ಕಡೆ ಬರಬಹುದಾದ ದಾರಿ ಅದು. ಕಾಲೇಜಿನ ಒಂದೇ ಒಂದು ಕಂಪ್ಯೂಟರಿನ ಮುಂದೆ ಮಕ್ಕಳನ್ನು ಕೂಡಿಸಿಕೊಂಡು ಕನ್ನಡದಲ್ಲಿ 'ಹರಪನಹಳ್ಳಿ' ಎಂದು ಹೊಡೆದೆ. ಸಿಗಬೇಕಾದಷ್ಟು ಸಿಗಲಿಲ್ಲ. ಹೆಸರು ಗೊತ್ತಿದ್ದ ಪ್ರಬಂಧವೊಂದನ್ನು ಬೇರೆ ದಾರಿಯಿಂದ ಹುಡುಕಿ ತೆಗೆದೆ. ಪುಟಪುಟದಲ್ಲೂ ಹರಪನಹಳ್ಳಿ ಇತ್ತು. ಕಣ್ಣಿಗೆ ಕಾಣುತ್ತಿದ್ದ ಆ ಹೆಸರು ಯಂತ್ರಕ್ಕೆ ಕಾಣುತ್ತಿರಲಿಲ್ಲ.

ಕಾರಣ ಡಿಟಿಪಿ ಅಂಗಡಿಯಲ್ಲಿದೆ. ನಮ್ಮ ಕಡೆ ಬಹಳ ಕಾಲ ಪ್ರಬಂಧ ಅಚ್ಚು ಮಾಡುತ್ತಿದ್ದದ್ದು ನುಡಿ ಇಲ್ಲವೇ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಕಚೇರಿಗಳಿಗೆ ಕನ್ನಡ ಬಂದದ್ದೇ ಅದರಿಂದ. ಆದರೆ ಆ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಬರೀ ಚಿತ್ರ. ಅಡಿಯಲ್ಲಿ ಕೂತಿರುವುದು ಇಂಗ್ಲಿಷ್ ಸಂಕೇತ. 'ಕನ್ನಡ' ಎಂದು ಹೊಡೆದರೆ ಒಳಗೆ ದಾಖಲಾಗುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀರಿರುವ ಎ, ಹೀಗೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಈ ಗುರುತುಗಳೇ ಸಾಲುಸಾಲು. ಪಿಡಿಎಫ್ ಮಾಡಿದರೆ ನೋಡಲು ಚೆಂದ, ಹುಡುಕಲು ಕುರುಡು. ಇನ್ನು ಕೆಲವನ್ನು ಬೈಂಡ್ ಮಾಡಿದ ಪ್ರತಿಯಿಂದಲೇ ಸ್ಕ್ಯಾನ್ ಮಾಡಿರುತ್ತಾರೆ, ಅದರಲ್ಲಿ ಅಕ್ಷರವೇ ಇಲ್ಲ, ಪುಟದ ಫೋಟೋ ಅಷ್ಟೇ. ಹಳೆಯ ನಿಯಮದ ಪ್ರಕಾರ ಹಿಂಬದಿಯ ರಟ್ಟಿಗೆ ಕಾಗದದ ಚೀಲ ಅಂಟಿಸಿ ಸಿ.ಡಿ. ಇಟ್ಟು ಒಪ್ಪಿಸಿದ ಪ್ರತಿಗಳನ್ನೂ ನೋಡಿದ್ದೇನೆ. ಆ ಸಿ.ಡಿ.ಗಳಲ್ಲಿ ಬಹಳಷ್ಟು ಈಗ ಓಡುವುದಿಲ್ಲ, ಓಡಿಸುವ ಡ್ರೈವ್ ಇರುವ ಕಂಪ್ಯೂಟರೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಇದಕ್ಕೆ ಮದ್ದಿದೆ, ಅದೂ ದುಬಾರಿಯಲ್ಲ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಕೂತು ತಿದ್ದಬೇಕು. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಎತ್ತುವ ಓಸಿಆರ್ ಕೂಡ ಕನ್ನಡಕ್ಕೆ ಈಗ ಚೆನ್ನಾಗಿದೆ. ಪೂರ್ತಿ ಪ್ರಬಂಧ ಆಗದಿದ್ದರೆ ಬೇಡ. ಎರಡು ಪುಟದ ಕನ್ನಡ ಸಾರಾಂಶ, ಪರಿವಿಡಿ, ಕ್ಷೇತ್ರಕಾರ್ಯ ಮಾಡಿದ ಊರುಗಳ ಹೆಸರು, ಇಷ್ಟನ್ನು ಯೂನಿಕೋಡಿನಲ್ಲಿ ಹೊಡೆದು ಜೊತೆಗಿಟ್ಟರೆ ಅರ್ಧ ಕಷ್ಟ ಹೋಯಿತು. ಶೀರ್ಷಿಕೆಯಲ್ಲಿ 'ಬಳ್ಳಾರಿ ಜಿಲ್ಲೆಯ' ಎಂದಷ್ಟೇ ಇರುವ ಪ್ರಬಂಧದೊಳಗೆ ಹಿರೇಹಡಗಲಿ ಇದೆ, ಉಜ್ಜಿನಿ ಇದೆ, ಗುಡೇಕೋಟೆ ಇದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ನಮ್ಮದು ವಿಜಯನಗರ ಜಿಲ್ಲೆ ಆಯಿತು. ಈಗಿನ ಹುಡುಗಿ 'ವಿಜಯನಗರ ಜಿಲ್ಲೆ' ಎಂದು ಹುಡುಕುತ್ತಾಳೆ, ಅವಳಿಗೆ ಅದಕ್ಕೂ ಹಿಂದಿನ ಕೆಲಸ ಒಂದೂ ಸಿಗುವುದಿಲ್ಲ. ಸಿಗುವುದೇನಿದ್ದರೂ ಸಾಮ್ರಾಜ್ಯದ ಮೇಲಿನದು. ಹರಪನಹಳ್ಳಿಯದು ದಾವಣಗೆರೆ ಎಂಬ ಹೆಸರಿನ ಕೆಳಗೆ ಇರುತ್ತದೆ, ಕೊಟ್ಟೂರಿನದು ಕೂಡ್ಲಿಗಿ ತಾಲೂಕಿನ ಕೆಳಗೆ. ಜಿಲ್ಲೆ ತಾಲೂಕುಗಳ ಗಡಿ ಸರ್ಕಾರ ಬದಲಿಸುತ್ತಲೇ ಇರುತ್ತದೆ, ಬದಲಾಗದೆ ಉಳಿಯುವುದು ಊರಿನ ಹೆಸರು. ಪ್ರಬಂಧ ಏರಿಸುವ ಗುಮಾಸ್ತರು ಊರಿನ ಹೆಸರು ಹಾಕಲಿ ಎಂಬುದು ನನ್ನ ಒಂದೇ ಬೇಡಿಕೆ.

ಅಧ್ಯಾಪಕರಲ್ಲಿ ಒಂದು ಭಯವಿದೆ. "ಹಂಗ ಬಿಟ್ರ ಕದೀತಾರ್ರೀ ಮೇಡಂ" ಎನ್ನುತ್ತಾರೆ. ಕದಿಯುವವರಿಗೆ ಅನುಕೂಲ ಮುಚ್ಚಿದ ಕಪಾಟು. ಅಲ್ಲಿಂದ ಎತ್ತಿದ ಪುಟ ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ. ತಾರೀಖು ಸಮೇತ ಎಲ್ಲರ ಕಣ್ಣೆದುರು ಇರುವುದನ್ನು ಕದ್ದರೆ ಒಂದು ಹುಡುಕಾಟಕ್ಕೆ ಸಿಕ್ಕಿಬೀಳುತ್ತಾರೆ. ಅದಕ್ಕೂ ಅಕ್ಷರ ಯೂನಿಕೋಡಿನಲ್ಲಿರಬೇಕು. ಈಗ ಪದವಿಗೆ ಮೊದಲು ಕೃತಿಚೌರ್ಯ ತಪಾಸಣೆ ಕಡ್ಡಾಯ, ಆದರೆ ಹಳೆಯ ನುಡಿಯಲ್ಲಿರುವ ಪುಟ ತಪಾಸಣೆಯ ಯಂತ್ರಕ್ಕೂ ಓದಲು ಬರುವುದಿಲ್ಲ.

ತೆರೆದಿಡುವುದರ ಪರವಾಗಿ ಇಷ್ಟೆಲ್ಲ ಹೇಳುವ ನಾನು ಒಂದು ಕಡೆ ಬಾಗಿಲು ಹಾಕಬೇಕು ಎನ್ನುತ್ತೇನೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ತಾಲೂಕುಗಳಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿದ ಹೆಣ್ಣುಮಕ್ಕಳ ಬಗ್ಗೆ ಸಂಶೋಧನೆ ಆಗಿದೆ, ಆಗಲೇಬೇಕಿತ್ತು. ಮದ್ರಾಸ್ ಪ್ರಾಂತ್ಯ 1947ರಲ್ಲೇ ಈ ಪದ್ಧತಿಯ ವಿರುದ್ಧ ಕಾನೂನು ಮಾಡಿತ್ತು, ಆಗ ನಾವು ಅಲ್ಲೇ ಇದ್ದೆವು. ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು. ಕಾನೂನು ಬಂದು ಎಷ್ಟೋ ವರ್ಷಗಳಾದ ಮೇಲೂ ಆ ತಾಯಂದಿರು ಏನು ಉಂಡರು, ಹೇಗೆ ಬದುಕಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದವರಿಗೆ ನನ್ನ ನಮಸ್ಕಾರ. ಆದರೆ ಕಾಗದದ ಕಾಲದಲ್ಲಿ ಬರೆಯುತ್ತಿದ್ದ ರೂಢಿಯಂತೆ ಅನುಬಂಧದಲ್ಲಿ ಹೆಸರು, ವಯಸ್ಸು, ಊರು, ಎಷ್ಟನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದರು ಎಂಬುದೆಲ್ಲ ಕೋಷ್ಟಕವಾಗಿ ಇರುತ್ತದೆ, ಕೆಲವೊಮ್ಮೆ ಫೋಟೋ ಕೂಡ. ಹೇಳುವಾಗ ಆ ತಾಯಿಗೆ ಗೊತ್ತಿದ್ದದ್ದು ಎದುರಿಗೆ ಕೂತಿದ್ದ ಹುಡುಗಿ ಮಾತ್ರ. ಗಾಜಿನ ಕಪಾಟಿನಲ್ಲಿದ್ದಾಗ ಅದನ್ನು ಹತ್ತು ಜನ ನೋಡುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಅವಳ ಮಗಳ ಗಂಡನ ಮನೆಯವರೂ ನೋಡಬಹುದು, ಮೊಮ್ಮಗಳ ಕಾಲೇಜಿನ ಗೆಳತಿಯರೂ ನೋಡಬಹುದು. ಐವತ್ತು ಮನೆಯ ಕೇರಿಯಲ್ಲಿ, ಪ್ರಬಂಧದಲ್ಲಿ ಹೆಸರು ಬದಲಿಸಿ ಊರಿನ ಹೆಸರು ಕೈಬಿಟ್ಟರೂ ಗುರುತು ಹತ್ತುತ್ತದೆ. ಇಂಥ ಅನುಬಂಧಗಳನ್ನು ಪ್ರಬಂಧದ ಉಳಿದ ಭಾಗದಿಂದ ಬೇರ್ಪಡಿಸಿ ತಡೆಹಿಡಿಯಬೇಕು. ಭಂಡಾರಗಳ ತಂತ್ರಾಂಶದಲ್ಲಿ ಒಂದೇ ಒಂದು ಕಡತವನ್ನು ಮುಚ್ಚಿಡುವ ಸೌಲಭ್ಯ ಇದ್ದೇ ಇದೆ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ನಿರ್ಧರಿಸಲು ಪ್ರಬಂಧವನ್ನು ಒಬ್ಬರು ಓದಿರಬೇಕು, ಅಷ್ಟೇ. ಅವಸರದಲ್ಲಿ ಕಂತೆಕಂತೆಯಾಗಿ ಏರಿಸುವಾಗ ಆ ಓದು ನಡೆಯುವುದಿಲ್ಲ.

ನಮ್ಮ ಗ್ರಂಥಾಲಯದಲ್ಲಿ ಈಗ ಒಂದು ದಪ್ಪ ನೋಟುಬುಕ್ಕು ಇಟ್ಟಿದ್ದೇವೆ, ಪಕ್ಕದಲ್ಲೇ ಅದರ ಕಂಪ್ಯೂಟರ್ ಪ್ರತಿ. ಪುಟದ ತಲೆಯಲ್ಲಿ ಊರಿನ ಹೆಸರು, ಕೆಳಗೆ ಆ ಊರಿನ ಬಗ್ಗೆ ಯಾವ ಪ್ರಬಂಧದ ಯಾವ ಅಧ್ಯಾಯದಲ್ಲಿ ಏನಿದೆ, ಅದು ಶೋಧಗಂಗಾದಲ್ಲಿದೆಯೋ ಕಪಾಟಿನಲ್ಲಿದೆಯೋ ಎಂಬ ವಿವರ. ಬಿ.ಎ. ಮಕ್ಕಳೇ ತುಂಬುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪ್ರಬಂಧ, ಪುಟ ತಿರುವಿ ಊರಿನ ಹೆಸರು ಕಂಡಲ್ಲೆಲ್ಲ ಬರೆದುಕೊಳ್ಳುತ್ತಾರೆ. ಕಣ್ಣಿಗೆ ಕಾಣುವುದನ್ನು ಯಂತ್ರಕ್ಕೂ ಕಾಣುವಂತೆ ಮಾಡುವ ಕೆಲಸ ಇದು, ನಿಧಾನವಾಗಿ ಸಾಗುತ್ತದೆ. 2009ಕ್ಕಿಂತ ಹಿಂದಿನವರನ್ನು ಮನೆಗೇ ಹೋಗಿ ಕೇಳುತ್ತಿದ್ದೇನೆ. ನಿಮ್ಮ ಪ್ರತಿ ಕೊಡಿ, ಸ್ಕ್ಯಾನ್ ಮಾಡಿ ಓಸಿಆರ್ ಮಾಡಿಸಿ ವಾಪಸ್ ಕೊಡುತ್ತೇವೆ, ನಿಮ್ಮ ವಿಶ್ವವಿದ್ಯಾಲಯದ ಭಂಡಾರಕ್ಕೆ ಸೇರಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು. ಕೆಲವರು ಅಟ್ಟದಿಂದ ಇಳಿಸಿ, ಧೂಳು ಕೊಡವಿ ಕೂಡಲೇ ಕೈಗೆ ಕೊಟ್ಟಿದ್ದಾರೆ. ಹರಪನಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಪ್ರತಿ ಕೊಟ್ಟು ಸಹಿಯನ್ನು ತಡೆದಿಟ್ಟುಕೊಂಡಿದ್ದಾರೆ. ಅವರಿಗೆ ಹಾಡಿಕೊಟ್ಟ ಹೆಣ್ಣುಮಕ್ಕಳಲ್ಲಿ ಇಬ್ಬರು ಇನ್ನೂ ಇದ್ದಾರಂತೆ, ಉಳಿದವರ ಮಕ್ಕಳಿದ್ದಾರೆ. "ಮೊದಲು ಅವರನ್ನ ಕೇಳೂನು, ಹೆಸರು ಇರ್ಲಿ ಅಂದ್ರ ಇರ್ಲಿ, ಬ್ಯಾಡ ಅಂದ್ರ ತೆಗೀರಿ, ಆಮ್ಯಾಲ ಸಹಿ ಮಾಡ್ತೀನಿ" ಎಂದರು. ಸುಗ್ಗಿ ಮುಗಿದ ಕೂಡಲೇ ಅವರ ಜೊತೆ ಆ ಊರುಗಳಿಗೆ ಹೋಗುವುದೆಂದು ಮಾತಾಗಿದೆ.